ಎಂಸಿ1ಆರ್ ಪ್ರತಿಕಾಯ: ಅಂಟಿದ್ದೆಲ್ಲ ನಿಜವಲ್ಲ
ಬಸವಕಲ್ಯಾಣ, ಹುಮನಾಬಾದ್ ಅಂಗಡಿಗಳಲ್ಲಿ 'ಫೇರ್ ಆಂಡ್ ಲವ್ಲಿ' 2020ರ ನಂತರ 'ಗ್ಲೋ ಆಂಡ್ ಲವ್ಲಿ' ಆಯ್ತು. ಮದುವೆ ಮಾತುಕತೆಯಲ್ಲಿ ಬಣ್ಣದ ಲೆಕ್ಕ ಹಾಗೇ ಇದೆ.

ಎಂಸಿ1ಆರ್ ಅನ್ನೋದು ಬಣ್ಣ ತಯಾರಿಸುವ ಮೆಲನೋಸೈಟ್ ಕೋಶದ ಪೊರೆಯಲ್ಲಿ ಕೂತಿರುವ, 317 ಅಮೈನೋ ಆಮ್ಲಗಳ ರಿಸೆಪ್ಟರ್. ಆಲ್ಫಾ-ಎಂಎಸ್‌ಎಚ್ ಹಾರ್ಮೋನ್ ತಗುಲಿದರೆ ಕಪ್ಪು-ಕಂದು ಯೂಮೆಲನಿನ್ ಹೆಚ್ಚುತ್ತೆ. ರಿಸೆಪ್ಟರ್ ಕೆಟ್ಟರೆ ಕೆಂಪು-ಹಳದಿ ಫಿಯೋಮೆಲನಿನ್. ಅದು ಎಲ್ಲಿದೆ ಅಂತ ಲ್ಯಾಬಿನಲ್ಲಿ ತೋರಿಸೋಕೆ ಅದಕ್ಕೆ ಅಂಟುವ ಪ್ರತಿಕಾಯ ಬೇಕು. ತೊಂದರೆ ಇಲ್ಲೇ: ಕೋಶದಲ್ಲಿ ಈ ರಿಸೆಪ್ಟರ್ ಬಹಳ ಕಮ್ಮಿ, ಪ್ರತಿಕಾಯ ಬೇರೆ ಪ್ರೋಟೀನಿಗೂ ಅಂಟಬಹುದು. ಎಂಸಿ1ಆರ್ ಜೀನನ್ನೇ ತೆಗೆದ ಕೋಶದಲ್ಲೂ ಗುರುತು ಕಂಡರೆ, ಎಷ್ಟೇ ದುಬಾರಿ ಬಾಟಲಿಯಾದ್ರೂ ನಂಬಬೇಡಿ.

ಅಂದಹಾಗೆ, ನಮ್ಮ ಉಪಖಂಡದ ಬಣ್ಣವ್ಯತ್ಯಾಸದಲ್ಲಿ ಇನ್ನೊಂದು ಜೀನ್, ಎಸ್‌ಎಲ್‌ಸಿ24ಎ5, ದೊಡ್ಡ ಪಾತ್ರಧಾರಿ. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳೂ ಇದ್ದ 2013ರ ಅಧ್ಯಯನದ ಪ್ರಕಾರ, ಅದರ ತಿಳಿಬಣ್ಣದ ರೂಪ ಯುರೋಪಿನವರಿಗೂ ನಮಗೂ ಒಂದೇ ಮೂಲದಿಂದ ಬಂದದ್ದು.