ಅವರ್ಣವಾದ: ಒಂದು ಹಳೆಯ ಪದದ ಜಾಡು

‘ವರ್ಣ’ ಎಂದೊಡನೆ ಬಣ್ಣ, ಅಕ್ಷರ, ಜಾತಿ ಎಂಬ ಅರ್ಥಗಳು ನೆನಪಾಗುತ್ತವೆ. ಸಂಸ್ಕೃತದಲ್ಲಿ ಅದಕ್ಕೆ ಸ್ತುತಿ, ಕೀರ್ತಿ ಎಂಬ ಅರ್ಥವೂ ಉಂಟು. ಅದರ ನಿಷೇಧರೂಪವೇ ‘ಅವರ್ಣ’, ಎಂದರೆ ಅಪಕೀರ್ತಿ. ರಘುವಂಶದ 14ನೆಯ ಸರ್ಗದಲ್ಲಿ ಸೀತೆಯ ವಿಷಯವಾಗಿ ಹಬ್ಬಿದ ಮಾತನ್ನು ರಾಮನು ತಮ್ಮಂದಿರಿಗೆ ತಿಳಿಸುವಾಗ ಕಾಳಿದಾಸನು ಬಳಸಿರುವುದು ಇದೇ ಪದವನ್ನು. ಸೀತೆ ನಿರ್ದೋಷಿಯೆಂದು ರಾಮನು ಬಲ್ಲ. ಆದರೂ ಅವರ್ಣವನ್ನು ತಾಳಲಾರ. ಮಾತು ಸುಳ್ಳೆಂಬುದು ಅಲ್ಲಿ ಯಾರನ್ನೂ ಕಾಪಾಡುವುದಿಲ್ಲ.

ಈ ಪದಕ್ಕೆ ಶಾಸ್ತ್ರೀಯವಾದ ಅಂಚುಕಟ್ಟು ದೊರೆತದ್ದು ಜೈನ ಗ್ರಂಥಗಳಲ್ಲಿ. ಕೇವಲಿ, ಶ್ರುತ, ಸಂಘ, ಧರ್ಮ, ದೇವ ಈ ಐವರ ಅವರ್ಣವಾದವು ದರ್ಶನಮೋಹನೀಯ ಕರ್ಮದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಹೇಳುತ್ತದೆ. ಗುಣವಂತರಾದ ಮಹನೀಯರಲ್ಲಿ ಇಲ್ಲದ ದೋಷವನ್ನು ಎತ್ತಿ ಆಡುವುದೇ ಅವರ್ಣವಾದವೆಂದು ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ವಿವರಿಸುತ್ತಾರೆ. ‘ಇಲ್ಲದ’ ಎಂಬ ವಿಶೇಷಣವನ್ನು ಓದುಗರು ಗಮನಿಸಬೇಕು. ಇರುವ ದೋಷವನ್ನು ಹೇಳುವುದು ಈ ಲಕ್ಷಣದೊಳಗೆ ಬರುವುದಿಲ್ಲ.

ಆದರೆ ಅವರು ಕೊಡುವ ಮೊದಲ ಉದಾಹರಣೆಯೇ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಕೇವಲಿಗಳು ಕವಲಾಹಾರದಿಂದ ಜೀವಿಸುತ್ತಾರೆ ಎನ್ನುವುದು ಕೇವಲಿಯ ಅವರ್ಣವಾದವಂತೆ. ಕೇವಲಿಗೆ ಆಹಾರವುಂಟೆಂಬುದು ಶ್ವೇತಾಂಬರರ ಶ್ರದ್ಧೆ. ಅವರು ಅದನ್ನು ನಿಂದೆಯೆಂದು ಆಡಿದವರಲ್ಲ. ಮತಭೇದವೊಂದು ಇಲ್ಲಿ ಅಪವಾದದ ಪಟ್ಟಿಗೆ ಸೇರಿಹೋಗಿದೆ. ಪೂಜ್ಯಪಾದರ ಲಕ್ಷಣ ಅವರ ಉದಾಹರಣೆಗಿಂತ ನ್ಯಾಯಯುತವಾಗಿದೆ ಎಂದೇ ನನ್ನ ಭಾವನೆ.

12ನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಇದನ್ನು ಗೃಹಸ್ಥನ ನಡತೆಗೆ ಇಳಿಸಿದರು: ಯಾರ ಅವರ್ಣವಾದವನ್ನೂ ಮಾಡಬಾರದು, ರಾಜನೇ ಮೊದಲಾದವರದನ್ನಂತೂ ವಿಶೇಷವಾಗಿ ಕೂಡದು. ಚಾಲುಕ್ಯ ಕುಮಾರಪಾಲನ ಆಸ್ಥಾನವನ್ನು ಕಂಡವರ ಲೋಕಾನುಭವ ಇದರಲ್ಲಿದೆ.

ಮುದ್ರಣಯುಗದಲ್ಲಿ ಇದೇ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. ಮುಂಬಯಿಯ ಕರಸನದಾಸ ಮೂಳಜಿಯವರು 1860ರ ಅಕ್ಟೋಬರ್ 21ರಂದು ತಮ್ಮ ‘ಸತ್ಯಪ್ರಕಾಶ’ ಪತ್ರಿಕೆಯಲ್ಲಿ ವಲ್ಲಭ ಸಂಪ್ರದಾಯದ ಮಹಾರಾಜರ ನಡತೆಯನ್ನು ಖಂಡಿಸಿ ಬರೆದರು. ಯದುನಾಥಜಿ ಮಹಾರಾಜರು 50,000 ರೂಪಾಯಿಗಳ ಪರಿಹಾರ ಕೋರಿ ದಾವೆ ಹೂಡಿದರು. ಬರೆದದ್ದು ಸತ್ಯವೆಂಬ ಮುಖ್ಯ ವಾದದಲ್ಲಿ 1862ರ ಏಪ್ರಿಲ್‌ನಲ್ಲಿ ಸಂಪಾದಕರೇ ಗೆದ್ದರು. ಪೂಜ್ಯಪಾದರ ಲಕ್ಷಣವನ್ನು ಹಿಡಿದರೂ ಅವರು ನಿರ್ದೋಷಿಯೇ ಆಗುತ್ತಿದ್ದರು; ಹೇಮಚಂದ್ರರಾದರೋ ಸುಮ್ಮನಿರು ಎನ್ನುತ್ತಿದ್ದರೇನೋ.

ಆ ಮೊಕದ್ದಮೆಯ ಹೆಸರಿನಲ್ಲಿರುವ ‘ಲೈಬಲ್’ ಎಂಬ ಇಂಗ್ಲಿಷ್ ಪದದ ಮೂಲ ಲ್ಯಾಟಿನ್ನಿನ ‘ಲಿಬೆಲ್ಲುಸ್’, ಅಂದರೆ ಚಿಕ್ಕ ಪುಸ್ತಕ. ಬರಹವೇ ಅಪರಾಧದ ಹೆಸರಾಯಿತು! 2024ರವರೆಗೆ ಜಾರಿಯಲ್ಲಿದ್ದ 1860ರ ದಂಡಸಂಹಿತೆಯ 499ನೆಯ ಕಲಮು ಇನ್ನೂ ಬಿಗಿಯಾಗಿತ್ತು: ಸತ್ಯವಾಗಿದ್ದರೆ ಸಾಲದು, ಅದನ್ನು ಹೇಳುವುದು ಸಾರ್ವಜನಿಕ ಹಿತಕ್ಕಾಗಿಯೂ ಇರಬೇಕಿತ್ತು. ಕನ್ನಡ ಪತ್ರಿಕೆಗಳು ಅದಕ್ಕೆ ‘ಮಾನನಷ್ಟ’, ‘ಮಾನಹಾನಿ’ ಎಂಬ ಪದಗಳನ್ನು ರೂಢಿಸಿಕೊಂಡವು. ಅವರ್ಣವಾದವು ಟೀಕೆಗಳಲ್ಲಿ, ಪ್ರವಚನಗಳಲ್ಲಿ ಉಳಿಯಿತು. ಇಂದು ಅಚ್ಚಿನಲ್ಲಿ ‘ಅವರ್ಣ’ ಎಂದು ಕಂಡರೆ ಚಾತುರ್ವರ್ಣ್ಯದ ಹೊರಗಿಡಲ್ಪಟ್ಟವರು ಎಂದೇ ಓದುಗರು ಗ್ರಹಿಸುತ್ತಾರೆ.