ಅರ್ಧ ವರಹದೊಳಗೆ ಅಮೆರಿಕದ ಬೆಳ್ಳಿ

ಹಳೆಯ ಪೆಟ್ಟಿಗೆಯ ತಳದಲ್ಲಿ, ಒಂದು ಮುಖಕ್ಕೆ ಗೋಪುರ, ಇನ್ನೊಂದು ಮುಖಕ್ಕೆ ವಿಷ್ಣುಮೂರ್ತಿ ಇರುವ ಅಗಲವಾದ ಬೆಳ್ಳಿಯ ಬಿಲ್ಲೆಯೊಂದು ನಿಮ್ಮ ಕಣ್ಣಿಗೆ ಬಿದ್ದರೆ, ಅದನ್ನು ಅಕ್ಕಸಾಲಿಗನ ಕುಲುಮೆಗೆ ಒಪ್ಪಿಸುವ ಮುನ್ನ ಈ ನಾಲ್ಕು ಮಾತುಗಳನ್ನು ಓದಿರಿ.

ಅಮೆರಿಕದಲ್ಲಿ ಹಳೆಯ ಅರ್ಧ ಡಾಲರುಗಳನ್ನು ಕೂಡಿಡುವ ಹವ್ಯಾಸಿಗಳು ಬಹಳ ಮಂದಿ. 1964ರವರೆಗಿನ ಆ ನಾಣ್ಯಗಳಲ್ಲಿ ನೂರಕ್ಕೆ ಸುಮಾರು 90 ಪಾಲು ಬೆಳ್ಳಿಯಿತ್ತು. ನಮ್ಮ ಸೀಮೆಯ ಅರ್ಧ ನಾಣ್ಯದ ವಂಶಾವಳಿ ಅದಕ್ಕಿಂತ ಹಿರಿದು. ಕುರುಗೋಡಿನಲ್ಲಿ ಸಿಂದರು ಆಳುತ್ತಿದ್ದ ಕಾಲಕ್ಕೆ ಕನ್ನಡ ನಾಡಿನ ಹೊನ್ನು ಗದ್ಯಾಣ. ವಿಜಯನಗರದ ಕಾಲಕ್ಕೆ ವರಹ. 1443ರಲ್ಲಿ ಅಲ್ಲಿಗೆ ಬಂದ ರಾಯಭಾರಿ ಅಬ್ದುರ್ ರಜಾಕನು ಅರ್ಧ ವರಹಕ್ಕೆ ಪ್ರತಾಪವೆಂಬ ಹೆಸರಿದ್ದುದನ್ನೂ, ಪ್ರತಾಪದ ಹತ್ತನೆಯ ಒಂದು ಪಾಲೇ ಹಣವೆಂಬುದನ್ನೂ ಬರೆದಿಟ್ಟಿದ್ದಾನೆ.

1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕುಂಪಣಿಗೆ ಬಿಟ್ಟುಕೊಟ್ಟನು. 1807ರವರೆಗೆ ಇಲ್ಲಿ ಕಲೆಕ್ಟರನಾಗಿದ್ದವನು ತಾಮಸ್ ಮನ್ರೋ. ಅವನು ಊರಿಗೆ ಮರಳಿದ ಹೊತ್ತಿಗೇ ಮದರಾಸಿನ ಟಂಕಸಾಲೆಯಲ್ಲಿ ಬೆಳ್ಳಿಯ ಅರ್ಧ ವರಹವನ್ನು ಅಚ್ಚುಹಾಕತೊಡಗಿದರು. ಅದರ ತೂಕ ಸುಮಾರು 21 ಗ್ರಾಂ, ಎರಡು ತೊಲೆಗೆ ಸ್ವಲ್ಪ ಕಡಿಮೆ. 1818ರಲ್ಲಿ ಮದರಾಸು ಸರಕಾರ ರೂಪಾಯಿಯನ್ನೇ ಪ್ರಮಾಣ ಮಾಡಿಕೊಂಡಾಗ ವರಹಕ್ಕೆ ಮೂರೂವರೆ ರೂಪಾಯಿಯೆಂದು ಲೆಕ್ಕ ಕಟ್ಟಿದರು. ಅರ್ಧ ವರಹವೆಂದರೆ ಒಂದು ರೂಪಾಯಿ ಹನ್ನೆರಡಾಣೆ.

ಸ್ವಾರಸ್ಯವಿರುವುದು ಇಲ್ಲಿಯೇ. ಹೊಸ ನಾಣ್ಯಕ್ಕೆ ಬೆಳ್ಳಿ ಎಲ್ಲಿಂದ ಬರಬೇಕು? ಮೆಕ್ಸಿಕೋ, ಪೆರು ಮೊದಲಾದ ಕಡೆಗಳ ಗಣಿಗಳ ಬೆಳ್ಳಿ ಸ್ಪೇನಿನ ಡಾಲರುಗಳಾಗಿ ಕಡಲು ದಾಟಿ ಬರುತ್ತಿತ್ತು. ಅವುಗಳಲ್ಲಿ ಕೆಲವನ್ನು ಕರಗಿಸದೆ, ಹಾಗೆಯೇ ಅಚ್ಚಿಗಿಟ್ಟು ಮೇಲೊಂದು ಗೋಪುರ ಒತ್ತಿಬಿಟ್ಟರು! ಅಮೆರಿಕದ ಡಾಲರಿಗೆ ಮಾದರಿಯಾದುದೂ ಈ ಸ್ಪೇನಿನ ಡಾಲರೇ. 1857ರವರೆಗೆ ಅದು ಆ ದೇಶದಲ್ಲಿಯೂ ಶಾಸನಬದ್ಧವಾಗಿ ಚಲಾವಣೆಯಲ್ಲಿತ್ತು. ಆದ್ದರಿಂದ ಗೋಪುರದ ಸುತ್ತ, ದೇವರ ಮಗ್ಗುಲಲ್ಲಿ ಭೂತಗನ್ನಡಿ ಹಿಡಿದು ನೋಡಿರಿ. ಕೆಳಗಿನ ಅಚ್ಚಿನ ಅಕ್ಷರದ ತುಣುಕೋ, ಸ್ಪೇನಿನ ಅರಸನ ಮುಖದ ಅಂಚೋ ಮಸುಕಾಗಿ ಕಂಡರೆ ಅದೇ ಗುರುತು.

ಗೋಪುರದ ಬದಿಯಲ್ಲಿ ಇಂಗ್ಲಿಷು, ಪಾರಸಿ. ವಿಷ್ಣುವಿನ ಬದಿಯಲ್ಲಿ ತಮಿಳು, ತೆಲುಗು. ಬಳ್ಳಾರಿಯ ಕಂದಾಯ ಬೇಕಾಗಿದ್ದ ಕುಂಪಣಿಗೆ ಕನ್ನಡದ ಒಂದಕ್ಷರ ಬೇಕಾಗಲಿಲ್ಲವೆಂಬುದು ಈ ಪಂಡಿತನ ಹೊಟ್ಟೆಯುರಿ; ಹೋಗಲಿ.

ಇಂಥ ನಾಣ್ಯ ಸಿಕ್ಕರೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿರಿ. ತಿಕ್ಕಿದೊಡನೆ ಬೆಳ್ಳಿ ಹೊಳೆಯುತ್ತದೆ, ಆದರೆ ಅಡಿಯ ಆ ಮಸುಕು ಗುರುತು ಅಳಿಸುತ್ತದೆ. ಕೊರಳಿಗೆ ಹಾಕಲೆಂದು ಕೊಂಡಿ ಬೆಸೆಯಿಸಿದರೆ ಸಂಗ್ರಾಹಕನ ಕಣ್ಣಿನಲ್ಲಿ ಅದರ ಬೆಲೆ ಅರ್ಧಕ್ಕಿಳಿಯುತ್ತದೆ. ಬರಿಯ ನೀರಿನಲ್ಲಿ ತೊಳೆದು, ಮೆತ್ತನೆಯ ಬಟ್ಟೆಯಿಂದ ಒತ್ತಿ ಒಣಗಿಸಿ, ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿಡಿರಿ. ಸಿರುಗುಪ್ಪದ ಗದ್ದೆಯಲ್ಲಿಯೋ ಹಳೆಯ ಗೋಡೆಯಲ್ಲಿಯೋ ಗಡಿಗೆಯೇ ಸಿಕ್ಕಿತೆಂದರೆ ಅದು ನಿಧಿ; ಕಾನೂನಿನಂತೆ ಸರಕಾರಕ್ಕೆ ತಿಳಿಸತಕ್ಕದ್ದು. ಮನೆತನದಿಂದ ಬಂದುದಾದರೆ ಯಾರಿಂದ, ಯಾವ ಊರಿನಿಂದ ಬಂದಿತೆಂಬುದನ್ನು ಲಕೋಟೆಯ ಮೇಲೆಯೇ ಬರೆಯಿರಿ, ಪೆನ್ಸಿಲಿನಲ್ಲಾದರೆ ಸಾಕು.