ಎಣ್ಣೆ-ಬೂಳ್ಯ ಇಲ್ಲದ ಮುಖ

ತುಳುನಾಡಿನ ದೈವಗಳು ಅಕ್ಷರರೂಪದಲ್ಲಿ ಮುಂಬಯಿಗೆ ಬಂದು ನೂರಮೂವತ್ತು ವರ್ಷ ದಾಟಿತು. ಬೈಕಲಾದ ಎಜುಕೇಶನ್ ಸೊಸೈಟಿ ಮುದ್ರಣಾಲಯದಲ್ಲಿ ಅಚ್ಚಾಗುತ್ತಿದ್ದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆ 1894ರಲ್ಲಿ ಎ.ಸಿ. ಬರ್ನೆಲ್ ಅವರ ಸಂಗ್ರಹದಲ್ಲಿದ್ದ ಪಾಡ್ದನಗಳನ್ನು ಕಂತುಕಂತಾಗಿ ಪ್ರಕಟಿಸತೊಡಗಿತು. ಬರ್ನೆಲ್ 1882ರಲ್ಲೇ ತೀರಿಕೊಂಡಿದ್ದರು. ಅವರ ಕಾಗದಪತ್ರಗಳಿಂದ ಅವನ್ನು ಹೊರತಂದವರು ಆರ್.ಸಿ. ಟೆಂಪಲ್. ಆ ಮಾಲೆಗೆ ಇಟ್ಟ ಹೆಸರು ‘ದ ಡೆವಿಲ್ ವರ್ಶಿಪ್ ಆಫ್ ದ ತುಳುವಾಸ್’, ಅಂದರೆ ತುಳುವರ ಸೈತಾನ ಪೂಜೆ.

ನಾನಿರುವ ಸಾಂತಾಕ್ರೂಜಿನಿಂದ ಹೊರಟು ದಾದರಿನಲ್ಲಿ ಗಾಡಿ ಬದಲಿಸಿದರೆ ಬೈಕಲಾ ದೂರವೇನಲ್ಲ. ನಮ್ಮ ಅಜ್ಜಿಯರು ಕೈಮುಗಿದು ‘ಸತ್ಯೊಲು’ ಎನ್ನುತ್ತಿದ್ದ ಶಕ್ತಿಗಳಿಗೆ ಸೈತಾನ ಎಂಬ ಚೀಟಿ ಅಂಟಿ ಅಚ್ಚಾದದ್ದು ಇದೇ ಊರಿನಲ್ಲಿ. ಆದರೂ ಆ ಸಂಪುಟಗಳ ಉಪಕಾರವನ್ನು ಮರೆಯುವಂತಿಲ್ಲ. ತಲೆಬರಹ ತಪ್ಪಾಗಿದ್ದರೂ ಒಳಗೆ ಪಾಡ್ದನದ ಕಥೆಯಿತ್ತು, ದೈವಗಳ ಹೆಸರಿತ್ತು, ಊರಿನ ಹೆಸರಿತ್ತು. ಮುಂದೆ ಅಮೃತ ಸೋಮೇಶ್ವರ, ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರಂಥ ವಿದ್ವಾಂಸರು ಈ ಲೋಕವನ್ನು ಅದರದೇ ಮಾತಿನಲ್ಲಿ ವಿವರಿಸಿದಾಗ, ಹಳೆಯ ಚೀಟಿಯನ್ನು ಕಿತ್ತು ಸರಿಯಾದದ್ದನ್ನು ಅಂಟಿಸಲು ಸಾಧ್ಯವಾಯಿತು.

ಈಗ ಚಿತ್ರ ಬರೆಯುವ ಯಂತ್ರಗಳ ಕಾಲ. ‘ಸ್ಟೇಬಲ್ ಡಿಫ್ಯೂಷನ್’ ಎಂಬ ತಂತ್ರಾಂಶ ಸಾರ್ವಜನಿಕರ ಕೈಗೆ ಬಂದದ್ದು 2022ರ ಆಗಸ್ಟ್ 22ರಂದು. ‘ಕಾಂತಾರ’ ತೆರೆಗೆ ಬಂದದ್ದು ಸೆಪ್ಟೆಂಬರ್ 30ರಂದು. ಆರು ವಾರದೊಳಗೆ ಎರಡೂ ಬಂದವು. ಪಂಜುರ್ಲಿಯ ಹೆಸರನ್ನೇ ಕೇಳದವರಿಗೆ ಅದರ ಮುಖ ಪರಿಚಯವಾಗುವ ಹೊತ್ತಿಗೆ, ಅಂಥ ಮುಖವನ್ನು ಕ್ಷಣದಲ್ಲಿ ಬರೆದುಕೊಡುವ ಯಂತ್ರವೂ ಸಿದ್ಧವಾಗಿತ್ತು.

ನಾನೂ ಬರೆಸಿ ನೋಡಿದೆ. ಪಂಜುರ್ಲಿಯ ಮೊಗ ಎಂದು ಕೇಳಿದ್ದಕ್ಕೆ ಹಂದಿಯ ಕೋರೆಹಲ್ಲು ಬಂತು. ಜೊತೆಗೆ ಕಥಕಳಿಯ ಹಸಿರು, ತೆಯ್ಯಂನ ಕೆಂಪು, ಬಾಲಿ ದ್ವೀಪದ ಬಾರೋಂಗಿನ ಕಣ್ಣು ಎಲ್ಲವೂ ಬಂದವು. ಚಿತ್ರ ಚೆನ್ನಾಗಿಯೇ ಇತ್ತು. ಆದರೆ ಯಾವ ಊರಿನ ಭಂಡಾರದಲ್ಲೂ ಅಂಥ ಮೊಗ ಇರಲಾರದು.

ಕಾರಣ ಯಂತ್ರ ಕಲಿಯುವ ರೀತಿಯಲ್ಲಿದೆ. ಈ ತಂತ್ರಾಂಶಕ್ಕೆ ಪಾಠವಾದ ಚಿತ್ರಗಳನ್ನು ಆರಿಸಿದ್ದು ‘ಲಯಾನ್-5ಬಿ’ ಎಂಬ ಸಂಗ್ರಹದಿಂದ. ಅದರಲ್ಲಿರುವುದು ಅಂತರ್ಜಾಲದಿಂದ ಬಾಚಿದ ಸುಮಾರು 585 ಕೋಟಿ ಚಿತ್ರಗಳ ಕೊಂಡಿ, ಪ್ರತಿಯೊಂದಕ್ಕೂ ಜೊತೆಯಲ್ಲಿ ಸಿಕ್ಕ ಒಂದು ಅಡಿಬರಹ. ಯಂತ್ರಕ್ಕೆ ಮುಖದ ಅರ್ಥ ಅಂದರೆ ಆ ಅಡಿಬರಹ ಮಾತ್ರ. ಬೈಕಲಾದಲ್ಲಿ ಅಂಟಿದ ಚೀಟಿಯ ಕೆಳಗೆ ಪಾಡ್ದನವಾದರೂ ಉಳಿದಿತ್ತು. ಇಲ್ಲಿ ಚೀಟಿಗಳೆಲ್ಲ ಕರಗಿ ಒಂದೇ ಪಾಕವಾಗುತ್ತವೆ. ಯಾವ ಗೆರೆ ಎಲ್ಲಿಂದ ಬಂತೆಂದು ಹಿಂದಿರುಗಿ ಹುಡುಕಲು ದಾರಿಯಿಲ್ಲ, ತಿದ್ದಲು ಪುಟವೂ ಇಲ್ಲ.

ಹಾಗೆಂದು ದೈವದ ರೂಪ ಊರು ಬಿಡಲೇಬಾರದು ಎಂದು ನಾನು ಹೇಳುವುದಿಲ್ಲ. ಬಾರ್ಕೂರು ಬಳಿಯ ಮೆಕ್ಕೆಕಟ್ಟಿನ ಹಳೆಯ ಮರದ ಉರುಗಳು ಇಂದು ದೆಹಲಿಯ ಕರಕುಶಲ ಸಂಗ್ರಹಾಲಯದಲ್ಲಿ ನಿಂತಿವೆ. ಮೆಕ್ಕೆಕಟ್ಟಿನಲ್ಲಿ ಹೊಸ ಉರುಗಳು ಪೂಜೆಗೊಳ್ಳುತ್ತಿವೆ. ನೋಡಲು ಹೋದವರಿಗೆ ಅವು ಎಲ್ಲಿಂದ ಬಂದವೆಂಬುದು ತಿಳಿಯುತ್ತದೆ.

ನನ್ನನ್ನು ಕಾಡುವುದು ಒಪ್ಪಿಗೆಯ ಪ್ರಶ್ನೆ. ಕೋಲಕ್ಕೆ ಮುನ್ನ ದೈವ ಕಟ್ಟುವವರಿಗೆ ಎಣ್ಣೆ-ಬೂಳ್ಯ ಕೊಡುತ್ತಾರೆ. ಅವರು ಅದನ್ನು ಸ್ವೀಕರಿಸಿ, ಮಿಂದು, ಆಮೇಲೆ ಬಣ್ಣಕ್ಕೆ ಕೂರುತ್ತಾರೆ. ನಲಿಕೆ, ಪರವ, ಪಂಬದ ಸಮುದಾಯಗಳ ಈ ಜನ ಉಳಿದ ದಿನಗಳಲ್ಲಿ ಗುತ್ತಿನ ಮನೆಯ ಅಂಗಳದ ಆಚೆಯೇ ನಿಂತವರು. ಆ ಒಂದು ರಾತ್ರಿ ಮಾತ್ರ ಗುತ್ತಿನ ಯಜಮಾನನೇ ಅವರೆದುರು ತಲೆಬಾಗಿ ನುಡಿ ಕೇಳುತ್ತಾನೆ. ಆ ಮುಖಕ್ಕೆ ಬೆಲೆ ಬಂದದ್ದು ಬಣ್ಣದಿಂದಷ್ಟೇ ಅಲ್ಲ, ಅದನ್ನು ಹೊತ್ತವರ ಬಾಳಿನಿಂದ. ‘ಕಾಂತಾರ’ದ ಯಶಸ್ಸಿನ ನಂತರ ಸರ್ಕಾರ ಅರವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿತು. ಯಂತ್ರ ಬರೆಯುವ ಮುಖದಿಂದ ಅವರ ಮನೆಗೆ ಬಿಡಿಗಾಸೂ ಹೋಗದು.

ಇದು ದೂರದ ಕಂಪನಿಗಳ ತಪ್ಪು ಮಾತ್ರವೇ? ಸಾಂತಾಕ್ರೂಜ್ ಪೂರ್ವದಲ್ಲಿ ಬಿಲ್ಲವ ಭವನವಿದೆ. ಕಲಿನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ಕೋಲದ ದಿನಕ್ಕೆಂದು ರಜೆ ಕೂಡಿಟ್ಟು ಮತ್ಸ್ಯಗಂಧ ಹತ್ತುವವರು ನಾವು. ಹೀಗಿದ್ದೂ ಈ ವರ್ಷ ನನ್ನ ಮೊಬೈಲಿಗೆ ಬಂದ ಊರಿನ ಆಮಂತ್ರಣವೊಂದರಲ್ಲಿ ಯಂತ್ರ ಬರೆದ ದೈವವಿತ್ತು. ಗಗ್ಗರ ಕಾಲಿನಲ್ಲಿರಲಿಲ್ಲ, ಕೈಯಲ್ಲಿತ್ತು. ಕಳಿಸಿದವರು ಅದನ್ನು ಗಮನಿಸಿರಲಿಲ್ಲ. ಗುಂಪಿನಲ್ಲಿ ಕೈಮುಗಿಯುವ ಚಿಹ್ನೆಗಳು ಮಾತ್ರ ಸಾಲುಗಟ್ಟಿದ್ದವು.

ಅದೇ ಊರಿನಲ್ಲಿ ಆ ದೈವವನ್ನು ಕಟ್ಟುವವರಿದ್ದಾರೆ. ಅವರನ್ನು ಕೇಳಿ, ಒಪ್ಪಿದರೆ ಒಂದು ಫೋಟೋ ತೆಗೆದು, ಹೆಸರು ಹಾಕಿ, ಸಲ್ಲಬೇಕಾದ ಸಂಭಾವನೆ ಕೊಟ್ಟು ಅಚ್ಚು ಹಾಕಿಸಬಹುದಿತ್ತು. ಬೇಡ ಎಂದಿದ್ದರೆ ದೈವದ ಹೆಸರು, ಊರಿನ ಹೆಸರು ಎರಡೇ ಸಾಕಿತ್ತು. ಅವಿಷ್ಟಿದ್ದರೆ ನಮ್ಮ ಜನ ಊರು ಸೇರುತ್ತಾರೆ.